ನೀಲಿ ಸ್ಟಿಕ್ಕರಿನ ಯಂತ್ರ ವಾಪಸು ಹೋದದ್ದು

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಕಥೆ. ನೂರ ಎಂಬತ್ತು ಕಿಲೋ ತೂಕದ ಒಂದು ಯಂತ್ರವನ್ನು ಬಹರೈನಿನಿಂದ ಪೋರ್ಚುಗಲ್ಲಿನ ಒಂದು ಗುಡ್ಡದ ಊರಿಗೆ ವಿಮಾನದಲ್ಲಿ ವಾಪಸು ಕಳುಹಿಸಲು ನನಗೆ ಬಿದ್ದದ್ದು ಸಾವಿರದ ಇನ್ನೂರು ದಿನಾರ್. ಅದೇ ಯಂತ್ರ ಬರುವಾಗ ಹಡಗಿನಲ್ಲಿ, ಜಾಮಿನ ಬಕೆಟುಗಳ ನಡುವೆ ಕೂತು, ಹೆಚ್ಚುಕಡಿಮೆ ಪುಕ್ಕಟೆಯಾಗಿ ಬಂದಿತ್ತು. ಈದ್ ಹಬ್ಬದ ಒಂದು ಒಳ್ಳೆಯ ಆರ್ಡರಿನ ಲಾಭವೂ ಇದರ ಜೊತೆಗೇ ಹೋಯಿತು. ಇಷ್ಟೆಲ್ಲ ಯಾಕೆಂದರೆ, ಯಂತ್ರದ ಮೇಲಿದ್ದ ಅಂಗೈಯಗಲದ ಒಂದು ನೀಲಿ ಸ್ಟಿಕ್ಕರನ್ನು ನಾನು ಓದಲಿಲ್ಲ. ಓದಲಿಲ್ಲ ಮಾತ್ರವಲ್ಲ, ಅದರ ಮೇಲೆ ನನ್ನ ಕಂಪನಿಯ ಲೇಬಲ್ ಅಂಟಿಸಿದೆ.

ನನ್ನದು ಆಹಾರ ಸಾಮಾನಿನ ವ್ಯಾಪಾರ. ಗೋದಾಮು ಮೀನಾ ಸಲ್ಮಾನಿನಲ್ಲಿ, ಮನೆ ಸನದಿನಲ್ಲಿ, ದೊಡ್ಡ ಗಿರಾಕಿಗಳು ಜುಫೈರಿನ ಹೋಟೆಲುಗಳು. ಹೋಟೆಲಿನ ಬೆಳಗಿನ ತಿಂಡಿಯ ಮೇಜಿನಲ್ಲಿ ಸಣ್ಣ ಕಪ್ಪುಗಳಲ್ಲಿ ಇಡುವ ಜಾಮ್, ಜೇನು ನೋಡಿದ್ದೀರಲ್ಲ, ಅದರಲ್ಲಿ ದುಡ್ಡಿದೆ. ಒಬ್ಬ ಅತಿಥಿ ಒಂದು ತೆರೆದು ಅರ್ಧ ತಿಂದು ಇನ್ನೊಂದು ತೆರೆಯುತ್ತಾನೆ.

ದುಬೈಯ ಒಂದು ಆಹಾರ ಪ್ರದರ್ಶನದಲ್ಲಿ ನನಗೆ ಆ ಸಹಕಾರ ಸಂಘದವರು ಸಿಕ್ಕಿದರು. ಪೋರ್ಚುಗಲ್ಲಿನ ಒಳನಾಡು, ಸ್ಪೇನ್ ಗಡಿಗೆ ಹತ್ತಿರ. ಅರಬರು ಸಫರ್ಜಲ್ ಎನ್ನುವ, ಹಸಿಯಾಗಿ ತಿಂದರೆ ಬಾಯಿ ಒಗರಾಗುವ ಹಳದಿ ಹಣ್ಣಿನ ಜಾಮ್ ಮಾಡುತ್ತಾರೆ. ಸ್ಟಾಲಿನಲ್ಲಿದ್ದವರು ಸಂಘದ ಕಾರ್ಯದರ್ಶಿ, ನಲವತ್ತರ ಆಸುಪಾಸಿನ ಹೆಂಗಸು. ನನ್ನ ಕಾರ್ಡಿನಲ್ಲಿದ್ದ ಅಡ್ಡಹೆಸರು ನೋಡಿ ನಕ್ಕರು. ಮಂಗಳೂರಿನ ಕ್ರಿಶ್ಚಿಯನರ ಅಡ್ಡಹೆಸರುಗಳೆಲ್ಲ ಅವರ ದೇಶದಿಂದಲೇ ಬಂದವು ತಾನೆ.

"ನಮ್ಮೂರಿನ ಪೋಸ್ಟ್‌ಮ್ಯಾನಿಗೂ ಇದೇ ಹೆಸರು," ಎಂದರು ಇಂಗ್ಲಿಷಿನಲ್ಲಿ.

"ಹಾಗಾದರೆ ಸಂಬಂಧಿಕರಾದೆವು. ಸಂಬಂಧಿಕರಿಗೆ ಕೊನೆಯ ಬೆಲೆ ಎಷ್ಟು?"

"ಮೊದಲು ಹೇಳಿದ್ದೇ ಕೊನೆಯದು. ಪೋಸ್ಟ್‌ಮ್ಯಾನ್ ಕೂಡ ಕೇಳುತ್ತಾನೆ, ಅವನಿಗೂ ಕೊಡುವುದಿಲ್ಲ."

ಮೂರು ದಿನ ಸ್ಟಾಲಿಗೆ ಹೋದೆ. ಬೆಲೆ ಒಂದು ಸೆಂಟೂ ಇಳಿಯಲಿಲ್ಲ. ಆಗ ನಾನು ಬೇರೆ ದಾರಿ ಹಿಡಿದೆ. ಬಹರೈನಿನಲ್ಲಿ ಗಲ್ಲಿಗೊಂದು ಕೋಲ್ಡ್ ಸ್ಟೋರ್ ಇರುತ್ತದೆ, ಕೋಲ್ಡ್ ಸ್ಟೋರ್ ಎಂದರೆ ನಮ್ಮ ಕಿರಾಣಿ ಅಂಗಡಿಯೇ. ಐಸ್‌ಕ್ರೀಮ್ ಕಂಪನಿಯವನಿಗೆ ತನ್ನ ಮಾಲು ಅಲ್ಲಿ ಇಡಬೇಕಾದರೆ ಫ್ರೀಜರ್ ಅವನೇ ತಂದಿಡಬೇಕು. ಕಾಫಿಪುಡಿಯವನು ಕಾಫಿ ಮೆಷಿನ್ ಕೊಡುತ್ತಾನೆ. ಮಾಲು ಕೊಡುವವನು ಯಂತ್ರವನ್ನೂ ಕೊಡುವುದು ಇಲ್ಲಿನ ವಾಡಿಕೆ, ಯಾರೂ ಅದನ್ನು ದಾನ ಎಂದುಕೊಳ್ಳುವುದಿಲ್ಲ. ಆ ಸಂಘದಲ್ಲಿ ಎರಡು ಯಂತ್ರ ಇದ್ದವು: ಬಾಟಲಿ ತುಂಬುವ ದೊಡ್ಡದು, ಕಪ್ಪು ತುಂಬಿ ಮುಚ್ಚುವ ಸಣ್ಣದು. ಸಣ್ಣದು ವಾರಕ್ಕೆ ಎರಡೇ ದಿನ ಓಡುತ್ತಿತ್ತು.

"ಬೆಲೆ ನಿಮ್ಮದೇ ಇರಲಿ," ಎಂದೆ. "ಸಣ್ಣ ಯಂತ್ರ ಆರು ತಿಂಗಳು ನನಗೆ ಎರವಲು ಕೊಡಿ. ಜಾಮನ್ನು ಬಕೆಟಿನಲ್ಲಿ ಕಳುಹಿಸಿ. ಕಪ್ಪಿಗೆ ತುಂಬುವುದು, ಅರಬ್ಬಿ ಲೇಬಲ್ ಹಾಕುವುದು ನನ್ನ ಕೆಲಸ."

ಸಂಘದ ಅಧ್ಯಕ್ಷರು ಎಪ್ಪತ್ತು ದಾಟಿದ ರೈತ, ಫೋನಿನಲ್ಲಿ ಕೇಳಿದ ಕೂಡಲೇ ಒಪ್ಪಿದರು. ಕಾರ್ಯದರ್ಶಿ ತಡೆದರು. "ಯಂತ್ರಕ್ಕೆ ಹಣ ಕೊಟ್ಟ ಕಚೇರಿಯನ್ನು ಒಂದು ಮಾತು ಕೇಳಬೇಕು."

"ಕೇಳಿ. ಆದರೆ ಹಡಗು ಕಾಯುವುದಿಲ್ಲ, ರಂಜಾನೂ ಕಾಯುವುದಿಲ್ಲ."

ಅವರು ಕಚೇರಿಗೆ ಬರೆದರು. ಉತ್ತರ ಬರಲಿಲ್ಲ. ಒಂದೇ ವಾರದಲ್ಲಿ ನಾನು ಮೂರು ಸಲ ಫೋನ್ ಮಾಡಿದೆ, ಮೂರನೆಯ ಸಲ ಅವರು ಹೂಂ ಎಂದರು. ಒಳ್ಳೆಯ ಚೌಕಾಸಿ ಮಾಡಿದೆ ಎಂದು ಆ ದಿನ ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು.

ಯಂತ್ರ ಬಂತು. ಸುಂಕದ ಇಲಾಖೆಯಲ್ಲಿ ತಾತ್ಕಾಲಿಕ ಆಮದು ಎಂದು ಬರೆಸಿ, ಆರು ತಿಂಗಳಿಗೆ ಠೇವಣಿ ಇಟ್ಟು, ಗೋದಾಮಿಗೆ ತಂದೆವು. ಪೆಟ್ಟಿಗೆ ಬಿಚ್ಚಿದರೆ ಕಂಟ್ರೋಲ್ ಡಬ್ಬಿಗೆ ಬೀಗ, ಬೀಗದ ಕೈ ಕಾಣುವುದಿಲ್ಲ. ವಿಡಿಯೊ ಕಾಲಿನಲ್ಲಿ ಕಾರ್ಯದರ್ಶಿ "ಶಾವ್, ಶಾವ್" ಎಂದು ಯಂತ್ರದ ಹೊಟ್ಟೆಯ ಕಡೆ ತೋರಿಸಿದರು. ನಮ್ಮ ಗೋದಾಮಿನ ಮೇಲ್ವಿಚಾರಕರು, ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನರು, ಕೂಡಲೇ ಬಗ್ಗಿ ಅಡಿಗೆ ಟೇಪ್ ಹಾಕಿ ಅಂಟಿಸಿದ್ದ ಕೀಲಿಕೈ ಕಿತ್ತು ತಂದರು.

"ಚಾವಿ ಅಂತಲೇ ಹೇಳುದಲ್ವ ಪೊರ್ಬುಲೆ ಇವ್ರು, ಅರ್ಧ ನುಂಗಿ ಹೇಳ್ತಾರೆ ಅಷ್ಟೆ," ಎಂದರು. ಊರಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆ ಇಲ್ಲಿಯೂ ನಾನು ಅವರಿಗೆ ಪೊರ್ಬುಲೆಯೇ, ಅವರು ನನಗೆ ಬ್ಯಾರಿಗಳೇ.

ಯಂತ್ರದ ಬಲ ಬದಿಯಲ್ಲಿ ನಂಬರಿನ ತಗಡು, ಪಕ್ಕದಲ್ಲೇ ನೀಲಿ ಸ್ಟಿಕ್ಕರ್. ನೀಲಿಯ ಮೇಲೆ ಹಳದಿ ನಕ್ಷತ್ರಗಳ ವೃತ್ತ, ಕೆಳಗೆ ಎರಡು ಸಾಲು ಬರಹ. ಗಿರಾಕಿಗಳಿಗೆ ಕಳುಹಿಸುವ ಫೋಟೊದಲ್ಲಿ ಬೇರೆಯವರ ಗುರುತು ಯಾಕೆ ಎಂದು, "ಅದನ್ನು ಕೆರೆದು ತೆಗೀರಿ" ಎಂದೆ. ಅವರು ಉಗುರಿನಲ್ಲಿ ಎಳೆದರು, ಒಂದು ಮೂಲೆ ಮಾತ್ರ ಎದ್ದಿತು.

"ಇದು ಹೋಗುದಿಲ್ಲ ಮಾರಾಯ್ರೆ. ಹೋಗಬಾರದು ಅಂತಲೇ ಅಂಟಿಸಿದ್ದು."

ಅವರು ಹೇಳಿದ್ದರ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ. ನಮ್ಮದೇ ದೊಡ್ಡ ಲೇಬಲ್ ತಂದು ತಗಡನ್ನೂ ಸ್ಟಿಕ್ಕರನ್ನೂ ಒಟ್ಟಿಗೆ ಮುಚ್ಚಿದೆವು.

ಕೆಲಸ ಸಲೀಸಾಗಿ ಶುರುವಾಗಲಿಲ್ಲ. ಜಾಮನ್ನು ಎಂಬತ್ತೈದು ಡಿಗ್ರಿಗೆ ಕಾಯಿಸಿ ಮೇಲಿನ ಕೊಳವೆಗೆ ಸುರಿಯಬೇಕು. ಗಾಳಿಯ ಒತ್ತಡದಲ್ಲಿ ಪಿಸ್ಟನ್ ಇಳಿದು ಒಮ್ಮೆಗೆ ನಾಲ್ಕು ಕಪ್ಪಿಗೆ ತಲಾ ಇಪ್ಪತ್ತೈದು ಗ್ರಾಂ ಹಾಕುತ್ತದೆ, ಮೇಲೆ ಹಾಳೆ ಬಂದು ಬಿಸಿ ಅಚ್ಚಿನಲ್ಲಿ ಮುಚ್ಚಿಕೊಳ್ಳುತ್ತದೆ. ಮೊದಲ ದಿನದ ಮಾಲನ್ನು ಕಾಗದದ ಮೇಲೆ ಬೋರಲು ಹಾಕಿ ಒಂದು ಗಂಟೆ ಬಿಟ್ಟು ನೋಡಿದರೆ ಮೂರರಲ್ಲೊಂದು ಸೋರಿತ್ತು. ಅಚ್ಚಿನ ಬಿಸಿ ಏರಿಸಿದೆವು, ಇಳಿಸಿದೆವು, ಹಾಳೆ ಬದಲಿಸಿದೆವು. ನಾಲ್ಕನೆಯ ದಿನ ಗೊತ್ತಾಯಿತು, ತಪ್ಪು ಅಚ್ಚಿನದಲ್ಲ, ಗಾಳಿಯದು. ಸಮುದ್ರದ ಪಸೆ ಕಂಪ್ರೆಸರಿನೊಳಗೆ ನೀರಾಗಿ, ಆ ನೀರು ಪಿಸ್ಟನಿಗೆ ಹೋಗಿ, ಅಚ್ಚು ಒಂದೊಂದು ಸಲ ಅರ್ಧಕ್ಕೇ ಒತ್ತುತ್ತಿತ್ತು. ಒಣಗುಡ್ಡದ ಯಂತ್ರಕ್ಕೆ ನಮ್ಮ ದ್ವೀಪದ ಗಾಳಿ ಹಿಡಿಸಿರಲಿಲ್ಲ. ಗಾಳಿ ಒಣಗಿಸುವ ಡಬ್ಬಿಯೊಂದನ್ನು ನಡುವೆ ಕೂರಿಸಿದ ಮೇಲೆ ಸೋರುವುದು ನಿಂತಿತು.

ಆಮೇಲೆ ನಾಲ್ಕು ತಿಂಗಳು ನಾನು ರಾಜ. ರಂಜಾನಿನಲ್ಲಿ ಐದು ಹೋಟೆಲು ತೆಗೆದುಕೊಂಡವು. ಆಮೇಲಿನ ಬಕ್ರೀದ್ ಈದ್ ಹಬ್ಬಕ್ಕೆ ಎಂದು ಜುಫೈರಿನ ಒಂದು ದೊಡ್ಡ ಹೋಟೆಲು ಮೂವತ್ತು ಸಾವಿರ ಕಪ್ಪು ಬರೆದುಕೊಟ್ಟಿತು. ಸಂಘದಿಂದ ಬಕೆಟುಗಳು ಬರುತ್ತಲೇ ಇದ್ದವು. ಎಲ್ಲರಿಗೂ ಒಳ್ಳೆಯದಾಗುತ್ತಿದೆ ಎಂದೇ ನಾನು ನಂಬಿದ್ದೆ.

ಒಂದು ಬುಧವಾರ ಬೆಳಿಗ್ಗೆ ಕಾರ್ಯದರ್ಶಿಯ ವಿಡಿಯೊ ಕಾಲ್ ಬಂತು. ಅವರ ಹಿಂದೆ ಕಾರ್ಖಾನೆಯ ನೆಲ, ನೆಲದಲ್ಲಿ ಬೋಲ್ಟು ಬಿಚ್ಚಿದ ನಾಲ್ಕು ತೂತು.

"ಪರಿಶೀಲನೆಗೆ ಬರುತ್ತಾರೆ. ಇನ್ನು ಹತ್ತೊಂಬತ್ತು ದಿನ. ಪ್ರತಿ ಯಂತ್ರದ ನಂಬರು ಓದಿ ಗುರುತು ಹಾಕುತ್ತಾರೆ."

"ಒಂದು ಯಂತ್ರ ಇಲ್ಲದಿದ್ದರೆ ಏನಾಗುತ್ತದೆ?"

ಕಾರ್ಖಾನೆ ಎದ್ದದ್ದು ಯುರೋಪಿನ ಪ್ರಾದೇಶಿಕ ನಿಧಿಯಿಂದ. ನಿಧಿಯವರು ಮುಂಗಡವಾಗಿ ಹೆಚ್ಚು ಕೊಟ್ಟಿರಲಿಲ್ಲ. ಸಂಘ ಬ್ಯಾಂಕಿನಿಂದ ತಂದು ಖರ್ಚು ಮಾಡಿ, ರಸೀದಿ ತೋರಿಸಿ, ಕಂತಿನಲ್ಲಿ ಪಡೆಯುತ್ತಿತ್ತು. ದೊಡ್ಡ ಕಂತು ಕೊನೆಯದು, ಅದು ಈ ಪರಿಶೀಲನೆಯ ಮೇಲೆಯೇ ನಿಂತಿತ್ತು. ಅದು ತಪ್ಪಿದರೆ ಬ್ಯಾಂಕು ಸುಮ್ಮನಿರುವುದಿಲ್ಲ. ಕಾರ್ಖಾನೆಯಲ್ಲಿ ಹನ್ನೊಂದು ಹೆಂಗಸರು ದುಡಿಯುತ್ತಿದ್ದರು, ಆ ಗುಡ್ಡದಲ್ಲಿ ಬೇರೆ ಸಂಬಳದ ಕೆಲಸವೇ ಇರಲಿಲ್ಲ. ಕಾರ್ಯದರ್ಶಿ ಇದನ್ನೆಲ್ಲ ಅಳದೆ, ಏರು ದನಿಯಿಲ್ಲದೆ ಹೇಳಿದರು. ಅದು ನನಗೆ ಇನ್ನೂ ಕಷ್ಟವಾಯಿತು.

ನನ್ನ ಮೊದಲ ಬುದ್ಧಿ ಏನು ಹೇಳಿತು ಎಂಬುದನ್ನು ಮುಚ್ಚಿಡುವುದಿಲ್ಲ. "ರಿಪೇರಿಗೆ ಹೋಗಿದೆ ಎಂದು ಒಂದು ಕಾಗದ ಮಾಡೋಣ. ಇಲ್ಲಿಂದ ನಾನು ಮೊಹರು ಹಾಕಿ ಕಳುಹಿಸುತ್ತೇನೆ. ನಂಬರಿನ ತಗಡನ್ನು ವಿಡಿಯೊದಲ್ಲಿ ತೋರಿಸುತ್ತೇನೆ."

"ಆ ಕಾಗದದ ಕೆಳಗೆ ರುಜು ಯಾರದು?"

"ನಿಮ್ಮದು."

"ಅದೇ ಕೇಳಿದೆ," ಎಂದು ಕಾಲ್ ಕಟ್ ಮಾಡಿದರು.

ಶುಕ್ರವಾರ ನನ್ನ ಲೆಕ್ಕಪರಿಶೋಧಕರ ಮನೆಗೆ ಹೋದೆ. ಬೆಂಗಳೂರಿನವರು, ಜುಫೈರಿನ ಹದಿನಾಲ್ಕನೆಯ ಮಹಡಿಯಲ್ಲಿ ವಾಸ. ಉಪ್ಪಿಟ್ಟು ತಿನ್ನುತ್ತಲೇ, ಕಾರ್ಯದರ್ಶಿ ಕಳುಹಿಸಿದ್ದ, ನಿಧಿಯ ಜೊತೆಗಿನ ಸಂಘದ ಕರಾರುಪತ್ರವನ್ನು ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಓದಿದರು. ಅದರಲ್ಲಿ ಏನಾದರೂ ಸಂದು ಸಿಗಬಹುದು ಎಂದು ನನ್ನ ಆಸೆ.

"ಇಲ್ಲಾ ಸರ್, ಇದ್ರಲ್ಲಿ ಎಸ್ಕೇಪ್ ಆಗೋಕೆ ಚಾನ್ಸೇ ಇಲ್ಲ," ಎಂದರು. "ಕೊನೇ ಕಂತು ಬಂದ್ಮೇಲೂ ಮೂರು ವರ್ಷ ಯಂತ್ರ ಆ ಪ್ರದೇಶ ಬಿಟ್ಟು ಕದಲೋ ಹಾಗಿಲ್ಲ. ಮಾರೋ ಹಾಗಿಲ್ಲ, ಬಾಡಿಗೆಗೂ ಕೊಡೋ ಹಾಗಿಲ್ಲ."

"ವಾರಕ್ಕೆ ಎರಡು ದಿನ ಓಡ್ತಿದ್ದ ಯಂತ್ರ ಮಾರಾಯ್ರೆ. ಇಲ್ಲಿ ಆರು ದಿನ ಓಡ್ತಾ ಉಂಟು. ಯಾರಿಗೆ ನಷ್ಟ ಹೇಳಿ?"

ಅವರು ಚಮಚ ಕೆಳಗಿಟ್ಟರು. "ನೋಡಿ ಸರ್, ಯುರೋಪಿನ ದೇಶಗಳೆಲ್ಲ ಒಂದು ಹುಂಡಿಗೆ ದುಡ್ಡು ಹಾಕ್ತಾವೆ. ಆದಾಯದಲ್ಲಿ ಹಿಂದೆ ಉಳ್ದಿರೋ ಪ್ರದೇಶಕ್ಕೆ ಜಾಸ್ತಿ ಪಾಲು. ಸುಮ್ನೆ ಹಂಚಲ್ಲ, ನೀನೂ ಒಂದು ಪಾಲು ಹಾಕು, ಮೊದ್ಲು ಮಾಡಿ ತೋರ್ಸು ಅಂತಾರೆ. ಯಾಕೆ? ಯಂತ್ರ ಇರ್ಲಿ ಅಂತಲ್ಲ, ಅಲ್ಲಿ ಕೆಲ್ಸ ಇರ್ಲಿ ಅಂತ. ಈಗ ಹೇಳಿ, ಆ ಊರಲ್ಲಿ ಕಪ್ಪು ತುಂಬ್ತಿದ್ದವ್ರು ಈಗೇನ್ ಮಾಡ್ತಿದಾರೆ?"

ಅಲ್ಲಿಂದಲೇ ಕಾರ್ಯದರ್ಶಿಗೆ ಸಂದೇಶ ಹಾಕಿ ಕೇಳಿದೆ. ಉತ್ತರ ಒಂದೇ ಸಾಲು: ಕಪ್ಪು ತುಂಬುತ್ತಿದ್ದ ಇಬ್ಬರೂ ಜನವರಿಯಿಂದ ಮನೆಯಲ್ಲಿದ್ದಾರೆ.

ನಮ್ಮ ತಾಲೂಕನ್ನೂ ಸರಕಾರ ಒಮ್ಮೆ ಹಿಂದುಳಿದದ್ದು ಎಂದು ಗುರುತಿಸಿತ್ತು. ಸಬ್ಸಿಡಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಎದ್ದಿತು. ನನ್ನ ಅಮ್ಮ ಅಲ್ಲಿ ಬೀಜ ಸುಲಿಯಲು ಹೋಗುತ್ತಿದ್ದಳು. ಬೆರಳು ಕಪ್ಪಾಗಿದ್ದರೂ ಶನಿವಾರ ಕೈಗೆ ನೋಟು ಬರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಯಂತ್ರಗಳು ಲಾರಿ ಹತ್ತಿ ಪೇಟೆಗೆ ಹೋದವು. ಯಾರೂ ಬಂದು ನಂಬರು ಓದಲಿಲ್ಲ. ಶೆಡ್ಡು ಉಳಿಯಿತು, ಅಮ್ಮ ಬೀಡಿ ಕಟ್ಟುವ ಸೂಪನ್ನು, ಅಂದರೆ ಮೊರವನ್ನು, ಮತ್ತೆ ಮಡಿಲಿಗೆ ತೆಗೆದುಕೊಂಡಳು. ಆ ಯಂತ್ರ ತೆಗೆದುಕೊಂಡು ಹೋದವನು ಕೆಟ್ಟವನೇನಲ್ಲ, ಪೇಟೆಯಲ್ಲಿ ಅದು ಹೆಚ್ಚು ದಿನ ಓಡುತ್ತದೆ ಎಂದು ಲೆಕ್ಕ ಹಾಕಿದ್ದ. ನಾನು ಹಾಕಿದ್ದೂ ಅದೇ ಲೆಕ್ಕ.

ಲೆಕ್ಕಪರಿಶೋಧಕರ ಬಾಲ್ಕನಿಯಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿದೆ. "ಕಾಗದ ಬೇಡ. ಯಂತ್ರವೇ ಬರುತ್ತದೆ. ವಿಮಾನದಲ್ಲಿ, ನನ್ನ ಖರ್ಚಿನಲ್ಲಿ."

"ನಾನು ನಿಜ ಬರೆದು ಕಚೇರಿಗೆ ಕಳುಹಿಸಿ ಆಯಿತು," ಎಂದರು ಅವರು. "ನಿಮ್ಮ ಹೆಸರನ್ನೂ ಬರೆದಿದ್ದೇನೆ, ಸೆನ್ಯೋರ್."

"ಒಳ್ಳೆಯದೇ ಆಯಿತು," ಎಂದೆ. ಆ ಕ್ಷಣಕ್ಕೆ ಹಾಗೆ ಅನ್ನಿಸಿರಲಿಲ್ಲ, ಆದರೂ ಹೇಳಿದೆ.

ಉಳಿದದ್ದು ಹದಿನೇಳು ದಿನ. ಮೊದಲು ಈದಿನ ಆರ್ಡರ್ ಬಿಡಿಸಿಕೊಳ್ಳಬೇಕಿತ್ತು. ಹೋಟೆಲಿನ ಖರೀದಿ ವಿಭಾಗದಲ್ಲಿರುವವಳು ಉಡುಪಿ ಕಡೆಯ ಹುಡುಗಿ, ನಾಲಗೆ ಚುರುಕು.

"ಹಬ್ಬಕ್ಕೆ ಜಾಮ್ ಇಲ್ಲ ಅಂತ ಹೇಳ್ಲಿಕ್ಕೆ ನೀವೇ ಬಂದ್ರಾ ಅಂಕಲ್? ಫೋನ್ ಮಾಡಿದ್ರೆ ಬೈಗಳಾದ್ರೂ ಅರ್ಧ ಸಿಗ್ತಿತ್ತು."

"ಬೈದು ಮುಗಿಸು, ಮತ್ತೆ ನನ್ನ ಮಾತು ಕೇಳು. ಹಬ್ಬಕ್ಕೆ ದೊಡ್ಡ ಬಾಟಲಿ ಕೊಡ್ತೇನೆ, ಅದೇ ಜಾಮ್. ಗಾಜಿನ ಪಾತ್ರೆಗೆ ಹಾಕಿ ಮೇಜಿನಲ್ಲಿ ಇಡಿ. ಎರಡು ತಿಂಗಳಲ್ಲಿ ಕಪ್ಪು ಬರ್ತದೆ, ಹಳೆ ಬೆಲೆಗೇ."

"ಪಾತ್ರೆ ಯಾರ್ದು?"

"ನಂದೇ."

"ಚಮಚ?"

"ಅದೂ ನಂದೇ ಮಾರಾಯ್ತಿ!"

ಮೂವತ್ತು ಸಾವಿರದಲ್ಲಿ ಹತ್ತು ಸಾವಿರ ಮಾತ್ರ ಮುಂದಕ್ಕೆ ಹಾಕಿದಳು, ಉಳಿದದ್ದು ಬೇರೆಯವರಿಗೆ ಹೋಯಿತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮುಂದಿನದು ಸುಂಕದ ಇಲಾಖೆ. ತಾತ್ಕಾಲಿಕವಾಗಿ ಬಂದ ಸಾಮಾನು ಹೊರಗೆ ಹೋಗುವಾಗ ಅದೇ ಸಾಮಾನು ಎಂದು ಅಧಿಕಾರಿ ಕಣ್ಣಾರೆ ನೋಡಬೇಕು. ನಂಬರಿನ ತಗಡು ಎಲ್ಲಿದೆ? ನನ್ನ ಲೇಬಲಿನ ಅಡಿಯಲ್ಲಿ. ನಾಲ್ಕು ತಿಂಗಳ ಬಿಸಿಗೆ ಅದು ಕಲ್ಲಾಗಿತ್ತು. ಚಾಕುವಿನಲ್ಲಿ ಕೆರೆದರೆ ಕೆಳಗಿನ ನೀಲಿ ಸ್ಟಿಕ್ಕರ್ ಹರಿಯುತ್ತದೆ, ಪರಿಶೀಲನೆಗೆ ಬರುವವರು ಅದನ್ನೂ ನೋಡುತ್ತಾರೆ. ಮನೆಯಿಂದ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದೆ. ನಾನು ಬಿಸಿಗಾಳಿ ಹಿಡಿದೆ, ಬ್ಯಾರಿಗಳು ಅಡುಗೆ ಎಣ್ಣೆ ಹಚ್ಚುತ್ತ ಬೆರಳತುದಿಯಲ್ಲಿ ಒಂದೊಂದೇ ಎಳೆ ಎಬ್ಬಿಸಿದರು. ಮಧ್ಯಾಹ್ನದ ಊಟವೂ ಇಲ್ಲ.

"ಅಂಟಿಸುವಾಗ ಎರಡು ನಿಮಿಷ ಪೊರ್ಬುಲೆ. ತೆಗೀಲಿಕ್ಕೆ ನೋಡಿ."

"ಬಾಯಿ ಮುಚ್ಚಿ ತೆಗೀರಿ ಬ್ಯಾರಿಗಳೇ."

"ಬಾಯಿ ಮುಚ್ಚಿದ್ರೆ ಉಸಿರು ಬಿಡುದು ಎಲ್ಲಿಂದ, ಈ ಸೆಕೆಗೆ?"

ಸಂಜೆಯ ಹೊತ್ತಿಗೆ ತಗಡು ಚೊಕ್ಕವಾಯಿತು. ಸ್ಟಿಕ್ಕರ್ ಉಳಿಯಿತು, ಒಂದು ನಕ್ಷತ್ರ ಮಾತ್ರ ಅರ್ಧ ಹೋಯಿತು. ಆಗ, ನಾಲ್ಕು ತಿಂಗಳ ಮೇಲೆ, ಅದರ ಕೆಳಗಿನ ಎರಡು ಸಾಲನ್ನು ನಾನು ಫೋನಿನಲ್ಲಿ ತಿರುಗಿಸಿ ಓದಿದೆ. ಯುರೋಪಿನ ಪ್ರಾದೇಶಿಕ ನಿಧಿಯ ಸಹಾಯದಿಂದ ಕೊಂಡದ್ದು, ಮುಂದೆ ಆ ಪ್ರದೇಶದ ಹೆಸರು. ಅಷ್ಟೇ. ಓದಲು ಒಂದು ನಿಮಿಷ ಸಾಕಿತ್ತು.

ಸುಂಕದವರು ನೋಡಿ ರುಜು ಹಾಕಿದರು. ನಮ್ಮ ಬಡಗಿ ಮರದ ಪೆಟ್ಟಿಗೆ ಮಾಡಿದ, ಭದ್ರವಾಗಿಯೇ ಮಾಡಿದ. ಆದರೆ ಯುರೋಪಿಗೆ ಹೋಗುವ ಪೆಟ್ಟಿಗೆಯ ಮರವನ್ನು ಹುಳ ಸಾಯುವಂತೆ ಕಾಯಿಸಿ ಮುದ್ರೆ ಒತ್ತಿರಬೇಕು, ನಮ್ಮದರಲ್ಲಿ ಮುದ್ರೆ ಇರಲಿಲ್ಲ. ಕಾರ್ಗೋದವರು ತಿರುಗಿಸಿ ಕಳುಹಿಸಿದರು. ಮುದ್ರೆಯ ಮರ ಹುಡುಕಿ ಹೊಸ ಪೆಟ್ಟಿಗೆ ಮಾಡಿಸಲು ಮೂರು ದಿನ ಹೋಯಿತು. ಲಾರಿ ಹೊರಡುವ ಹೊತ್ತಿಗೆ ಬ್ಯಾರಿಗಳು ಕೈ ಅಡ್ಡ ಹಿಡಿದು, "ಚಾವಿ?" ಎಂದರು. ಅದು ನನ್ನ ಕಾರಿನ ಕೀಲಿಗೊಂಚಲಿನಲ್ಲಿತ್ತು.

ಪರಿಶೀಲನೆಗೆ ನಾಲ್ಕು ದಿನ ಇರುವಾಗ ಯಂತ್ರ ಆ ನಾಲ್ಕು ತೂತಿನ ಮೇಲೆ ಕೂತಿತು. ಬಂದವರು ಇಬ್ಬರು. ನಂಬರು ಓದಿದರು, ಅರ್ಧ ಹೋದ ನಕ್ಷತ್ರದ ಫೋಟೊ ತೆಗೆದರು, ಯಂತ್ರ ಇಷ್ಟು ತಿಂಗಳು ಹೊರಗಿದ್ದದ್ದನ್ನು ವರದಿಯಲ್ಲಿ ಬರೆದರು. ಆ ಯಂತ್ರದ ಪಾಲಿನ ಸ್ವಲ್ಪ ಹಣವನ್ನು ಹಿಡಿದುಕೊಂಡರು, ಅದರಲ್ಲಿ ಅರ್ಧ ನಾನು ಕೊಟ್ಟೆ. ಮೊದಲೇ ನಿಜ ಬರೆದಿದ್ದರಿಂದ ದೊಡ್ಡ ಕ್ರಮವೇನೂ ಆಗಲಿಲ್ಲ. ಕೊನೆಯ ಕಂತು ಎರಡು ತಿಂಗಳು ತಡವಾಗಿ ಬಂತು. ಬ್ಯಾಂಕು ಗೊಣಗಿಕೊಂಡು ಕಾಯಿತು. ಕಾರ್ಖಾನೆ ಮುಚ್ಚಲಿಲ್ಲ.

ಆಮೇಲೆ ನಾನು ಮತ್ತೆ ಚೌಕಾಸಿಗೆ ಕೂತೆ, ಈ ಸಲ ಸರಿಯಾದದ್ದಕ್ಕೆ. ಅರಬ್ಬಿ ಲೇಬಲಿನ ಹಾಳೆ ಇಲ್ಲಿ ಅಚ್ಚು ಹಾಕಿಸಿ ಅಲ್ಲಿಗೆ ಕಳುಹಿಸುತ್ತೇನೆ, ಕಪ್ಪು ಅಲ್ಲಿಯೇ ತುಂಬಿ ಬರುತ್ತದೆ. ಬಕೆಟಿಗಿಂತ ಕಪ್ಪಿಗೆ ಸಾಗಣೆ ಹೆಚ್ಚು, ನಿಜ. ಅದಕ್ಕೆ ಬದಲಾಗಿ ಬಹರೈನಿನಲ್ಲಿ ಮೂರು ವರ್ಷ ಆ ಜಾಮನ್ನು ಮಾರುವ ಹಕ್ಕು ನನಗೊಬ್ಬನಿಗೇ ಎಂದು ಬರೆಸಿಕೊಂಡೆ. ಕಾರ್ಯದರ್ಶಿ ಮೊದಲು ಕಚೇರಿಯನ್ನು ಕೇಳಿದರು. ಉತ್ತರ ಬರುವ ತನಕ ನಾನು ಒಂದು ಸಲವೂ ಫೋನ್ ಮಾಡಲಿಲ್ಲ. ಈಗ ಆ ಸಣ್ಣ ಯಂತ್ರ ಅಲ್ಲಿ ವಾರಕ್ಕೆ ಐದು ದಿನ ಓಡುತ್ತದೆ. ಮನೆಗೆ ಹೋಗಿದ್ದ ಇಬ್ಬರೂ ವಾಪಸು ಬಂದಿದ್ದಾರೆ, ಜೊತೆಗೆ ಇನ್ನೊಬ್ಬಳು.

ನೀವು ವ್ಯಾಪಾರಕ್ಕೆ ಇಳಿಯುವವರಾದರೆ ನನ್ನ ಈ ಮಾತನ್ನು ಪುಕ್ಕಟೆ ಇಟ್ಟುಕೊಳ್ಳಿ, ನಾನು ಇದಕ್ಕೆ ವಿಮಾನದ ಬಾಡಿಗೆ ಕೊಟ್ಟಿದ್ದೇನೆ. ಎದುರಿನವರು ಬೆಲೆಯಲ್ಲಿ ಬಗ್ಗದಿದ್ದರೆ ಬೇರೆ ಏನಾದರೂ ಕೇಳಿ, ಅದು ಜಾಣತನವೇ. ಆದರೆ ಅದು ಕೊಡಲು ಅವರದೇ ವಸ್ತುವೋ, ಅಥವಾ ಒಂದು ಊರಿಗಾಗಿ ಅವರ ಕೈಯಲ್ಲಿ ಇಟ್ಟದ್ದೋ, ಕೇಳಿ ತಿಳಿದುಕೊಳ್ಳಿ. "ಒಂದು ಮಾತು ಕೇಳಬೇಕು" ಎಂದು ಯಾರಾದರೂ ಹೇಳಿದರೆ ಹಡಗಿನ ನೆಪ ಹೇಳಿ ಅವಸರ ಮಾಡಬೇಡಿ. ಆ ಮಾತಿನ ಒಳಗೆ ಏನಿದೆ ಎಂದು ನೀವೇ ಕೂತು ಕೇಳಿ. ಬೇರೆಯವರ ರುಜು ಬೇಕಾಗುವ ಸುಳ್ಳನ್ನು ಸೂಚಿಸಲೇಬೇಡಿ, ಅದು ನಿಮ್ಮ ಬಾಯಿಗೆ ಎಷ್ಟೇ ಸುಲಭವಾಗಿ ಬಂದರೂ. ಮರದ ಪೆಟ್ಟಿಗೆಗೆ ಮುದ್ರೆ ಇದೆಯೇ ನೋಡಿ. ಕೀಲಿಕೈ ಜೇಬಿನಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಮತ್ತೆ, ಯಾವುದೇ ಯಂತ್ರ ನಿಮ್ಮ ಬಾಗಿಲಿಗೆ ಬಂದಾಗ ಅದರ ಸುತ್ತ ಒಂದು ಸುತ್ತು ಬನ್ನಿ. ಸ್ಟಿಕ್ಕರ್ ಇದ್ದರೆ ಕೆರೆಯುವ ಮೊದಲು ಓದಿ. ಬರಿಯ ಉಗುರಿಗೆ ಏಳದಿದ್ದರೆ ಎರಡು ಸಲ ಓದಿ.